ಬಿಗಿ ಸುತ್ತು

ಹುಲ್ಲು ಕತ್ತರಿಸುವ ಪೆಟ್ರೋಲ್ ಮಷೀನು ಕೊಳ್ಳುವುದು ಚಪ್ಪಲಿ ಕೊಂಡಂತಲ್ಲ. ಚಪ್ಪಲಿ ಕಚ್ಚಿದರೆ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಮನೆಗೆ ಬರಬಹುದು. ಮಷೀನು ಕಚ್ಚಿದರೆ ಅದು ಕೆಟ್ಟು ಕೂರುವವರೆಗೂ ಹೆಗಲಿಗೆ ನೇತುಹಾಕಿಕೊಂಡೇ ತಿರುಗಬೇಕು. ಇದು ಪಟಾಕಿಯ ಮಾತು.

ಊರಿಗೆ ಕುಡಿಯುವ ನೀರು ಶುದ್ಧ ಮಾಡಿ ಬಿಡುವ ಕೇಂದ್ರದಲ್ಲಿ ಅವನದು ಹುಲ್ಲಿನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಎಲ್ಲರ ಬಾಯಲ್ಲೂ ಪಟಾಕಿ. ಬತ್ತಿ ಅಷ್ಟು ಗಿಡ್ಡ. ಹಳೆಯ ಮಷೀನಿನ ಎಂಜಿನ್ ಜಾಮ್ ಆಗಿ ಕೆಟ್ಟು ಕೂತ ಮೇಲೆ, ಕೇಂದ್ರದ ಇಂಜಿನಿಯರಮ್ಮ ಹೊಸದನ್ನು ನೀನೇ ಆರಿಸು ಎಂದು ಅವನನ್ನೂ ಅವನ ಮೈದುನನನ್ನೂ ಅಂಗಡಿಗೆ ಕಳಿಸಿದ್ದರು. ಮೈದುನ ಎಂದರೆ ಹೆಂಡತಿಯ ತಮ್ಮ. ಅವನೂ ಅಲ್ಲೇ ಕೆಲಸಕ್ಕಿದ್ದ. ಪಟಾಕಿ ಕತ್ತರಿಸಿದ ಹುಲ್ಲನ್ನು ಗುಡಿಸಿ ಗಾಡಿಗೆ ತುಂಬುವುದು ಅವನ ಪಾಲಿನ ಕೆಲಸ.

ಅಂಗಡಿಯವನು ಮೂರು ಮಷೀನುಗಳನ್ನು ಗೋಡೆಗೆ ಒರಗಿಸಿಟ್ಟಿದ್ದ. ಒಂದು ದೊಡ್ಡದು, ಕೊಂಬಿನಂಥ ಹಿಡಿಕೆಯದು, ಪೊದೆಯನ್ನೂ ಉರುಳಿಸುವಂಥದ್ದು. ಇನ್ನೊಂದರ ಕೊಳವೆ ಬಾಗಿತ್ತು. ಮನೆಯಂಗಳಕ್ಕೆ ಸಾಕು, ಇಳಿಜಾರಿಗೆ ಆಗದು. ಮೂರನೆಯದು ನೇರ ಕೊಳವೆಯದು, ಹಗುರ, ಎಂಜಿನ್ನಿಗೂ ಹಿಡಿಕೆಗೂ ನಡುವೆ ಅದುರು ತಡೆಯುವ ರಬ್ಬರ್ ಕೂರಿಸಿದ್ದು. ಪಟಾಕಿ ಮೊದಲ ಎರಡನ್ನು ಎತ್ತಿದ ಶಾಸ್ತ್ರ ಮಾಡಿದ. ಮೂರನೆಯದನ್ನು ಹೆಗಲಿಗೆ ಹಾಕಿಕೊಂಡು, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತ.

“ಇದೇ,” ಎಂದ.

ಮೈದುನ ಹಲ್ಲು ಕಿರಿದ. “ಭಾವ, ಹೋದ ವರ್ಷ ಇಂಥದ್ದನ್ನೇ ನೋಡಿ ಮಕ್ಕಳಾಟಿಕೆ ಅಂದಿದ್ರಿ.”

“ಹೋದ ವರ್ಷ ನಿನ್ನ ತಲೇಲೂ ಕೂದಲಿತ್ತು. ಸುಮ್ನೆ ನಿಂತ್ಕೋ.”

ದಾರ ಆರಿಸುವಾಗಲೂ ಜಗಳವೇ. ಆ ಕೇಂದ್ರದಲ್ಲಿ ಕಬ್ಬಿಣದ ಅಲಗು ಹಾಕುವಂತಿಲ್ಲ. ಹಿಂದೊಮ್ಮೆ ಅಲಗಿಗೆ ತಾಗಿದ ಕಲ್ಲು ಹಾರಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಒಡೆದಿತ್ತು. ಅಂದಿನಿಂದ ಅಲ್ಲಿ ನೈಲಾನ್ ದಾರ ಮಾತ್ರ. ಮಷೀನಿನ ತುದಿಯ ತಲೆಯೊಳಗೆ ಒಂದು ರೀಲು. ರೀಲಿಗೆ ಸುತ್ತಿದ ದಾರದ ಎರಡು ತುದಿ ಹೊರಗೆ ಚಾಚಿ ಗಿರ್ರನೆ ತಿರುಗುತ್ತ ಹುಲ್ಲನ್ನು ಹೊಡೆಯುತ್ತವೆ. ತುದಿ ಸವೆದಾಗ ತಲೆಯನ್ನು ನೆಲಕ್ಕೆ ಕುಟ್ಟಿದರೆ ಒಳಗಿನಿಂದ ಹೊಸ ದಾರ ಬರಬೇಕು. ಅಂಗಡಿಯವನು ಚೌಕ ದಾರದ ಕಟ್ಟು ತೆಗೆದ.

“ಇದು ಚಾಕು ಇದ್ದಂಗೆ ಅಣ್ಣ.”

“ಚಾಕು ಬೇಕಿದ್ರೆ ಪಾತ್ರೆ ಅಂಗಡಿಗೆ ಹೋಗ್ತಿದ್ದೆ. ಚೌಕದ್ದು ಕಿರುಚುತ್ತೆ, ತೂತಿನ ಹತ್ರಾನೇ ತುಂಡಾಗುತ್ತೆ. ದುಂಡಂದು ಕೊಡು.”

“ಹಂಗಾದ್ರೆ ಇನ್ನೂ ದಪ್ಪದ್ದು ತಗೊಳ್ಳಿ, ಬಾಳಿಕೆ ಬರುತ್ತೆ.”

“ದಾರ ಬಾಳುತ್ತೆ, ಎಂಜಿನ್ ಸಾಯುತ್ತೆ. ಇಷ್ಟು ದಪ್ಪದ ಮೇಲೆ ಹಾಕಬೇಡಿ ಅಂತ ಮಷೀನ್ ಮೇಲೇ ಬರ್ದಿದೆ, ಓದೋಕೆ ಬರಲ್ವಾ?”

ದುಂಡನೆಯ ಕೆಂಪು ದಾರವೇ ಆಯಿತು.

ಹಗುರವಾದ ಮಷೀನು ಇಳಿಜಾರಿಗೆ ಒಳ್ಳೆಯದು ಎಂದು ಇಂಜಿನಿಯರಮ್ಮನಿಗೆ ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆರಿಸಿದ ಕಾರಣ ಅದಲ್ಲ. ಪಟಾಕಿಯ ಬೆರಳುಗಳು ಜೋಮು ಹಿಡಿಯಲು ಶುರುವಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಚಳಿಯ ಬೆಳಿಗ್ಗೆ ತುದಿಗಳು ಸುಣ್ಣದಂತೆ ಬೆಳ್ಳಗಾಗಿ, ಬಿಸಿಲೇರಿದ ಮೇಲೆ ಸರಿಹೋಗುತ್ತಿದ್ದವು. ಆಮೇಲೆ ಬಿಸಿಲೇರಿದರೂ ಸರಿಹೋಗುವುದನ್ನು ಬಿಟ್ಟವು. ಚಹದ ಲೋಟ ಸುಡುತ್ತಿದೆಯೋ ಆರಿದೆಯೋ ಎಂಬುದು ತುಟಿಗೆ ತಾಗಿಸಿದ ಮೇಲೆಯೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಮಷೀನು ಅದುರಿದ್ದೆಲ್ಲ ಹೋಗಿ ಕೈಯೊಳಗೆ ಕೂತಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಗೇಟಿನ ಕುರ್ಚಿ ಕಾದಿತ್ತು.

ಗೇಟಿನ ಕುರ್ಚಿಯೆಂದರೆ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ಕಿನದು, ಒಂದು ಕೈ ಮುರಿದದ್ದು. ಬೆನ್ನು ಹೋದವನು, ಕಣ್ಣು ಮಂಜಾದವನು, ಯಾವ ಕೆಲಸಕ್ಕೂ ಬಾರದವನು ಅಲ್ಲಿಗೆ ಹೋಗಿ ಕೂರುತ್ತಿದ್ದ. ಬರುವ ಲಾರಿಗೆ ಗೇಟು ತೆಗೆಯಬೇಕು, ಹೋದ ಲಾರಿಗೆ ಹಾಕಬೇಕು. ಅಲ್ಲಿ ಕೂತವನು ಮತ್ತೆ ಎದ್ದು ಒಳಗೆ ಬಂದದ್ದನ್ನು ಪಟಾಕಿ ಕಂಡಿರಲಿಲ್ಲ. “ಆ ಕುರ್ಚಿ ಮೇಲೆ ಕೂರೋದಕ್ಕಿಂತ ಅದರ ಕೆಳಗೆ ಮಲ್ಗೋದು ವಾಸಿ,” ಎಂದು ಅವನೇ ಎಷ್ಟೋ ಸಲ ನಗಾಡಿದ್ದ. ಈಗ ಆ ಕುರ್ಚಿಯ ಮುಂದೆ ಹಾಯುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ರೀಲು ಸುತ್ತುವ ಕೆಲಸವನ್ನು ಅವನು ಶೆಡ್ಡಿನಲ್ಲಿ ಮಾಡುತ್ತಿರಲಿಲ್ಲ. ಅಲ್ಲಿ ಮರಳು, ಎಣ್ಣೆ, ಮೈದುನನ ಬಾಯಿ. ಸಂಜೆ ಮನೆಯ ಬಾಗಿಲ ಮೆಟ್ಟಿಲ ಮೇಲೆ ಕೂತು, ಮಾರನೆಯ ದಿನಕ್ಕೆ ಎರಡು ರೀಲು ಸುತ್ತಿ ಕಿಟಕಿಯ ಕಟ್ಟೆಯ ಮೇಲಿಡುವುದು ಮೊದಲಿನಿಂದ ಬಂದ ರೂಢಿ. ದಾರವನ್ನು ಬಾಣದ ಗುರುತಿನ ದಿಕ್ಕಿಗೇ ಸುತ್ತಬೇಕು. ಸುತ್ತಿನ ಪಕ್ಕಕ್ಕೆ ಸುತ್ತು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಎಲ್ಲಕ್ಕಿಂತ ಮುಖ್ಯ ಬಿಗಿ. ಸಡಿಲ ಬಿಟ್ಟರೆ ಮೇಲಿನ ಸುತ್ತು ಕೆಳಗಿನದರೊಳಗೆ ನುಗ್ಗಿ, ತಿರುಗುವ ಬಿಸಿಗೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಆಮೇಲೆ ನೆಲಕ್ಕೆ ಎಷ್ಟು ಕುಟ್ಟಿದರೂ ದಾರ ಬರುವುದಿಲ್ಲ. ಈ ಬಿಗಿಗೆ ಅಳತೆಗೋಲಿಲ್ಲ. ಬೆರಳು ಹೇಳಬೇಕು.

ಬೆರಳು ಹೇಳುವುದನ್ನು ಬಿಟ್ಟದ್ದು ಯಾವಾಗ ಎಂದು ಬೆರಳೂ ಹೇಳಲಿಲ್ಲ.

ಹೊಸ ಮಷೀನು ಬಂದು ಸ್ವಲ್ಪ ದಿನ ಹೂವಿನ ಹಾಗೆ ನಡೆಯಿತು. ಒಂದು ಬೆಳಿಗ್ಗೆ ದಾರ ಸಿಕ್ಕಿಕೊಂಡಿತು. ಪಟಾಕಿ ತಲೆ ಬಿಚ್ಚಿ, ಅಂಟಿದ್ದನ್ನು ಬಿಡಿಸಿ, ಬೈದು, ಮತ್ತೆ ಹಾಕಿದ. ಮತ್ತೆ ಸಿಕ್ಕಿತು. ಮಾರನೆಯ ದಿನ ಏನೂ ತೊಂದರೆಯಿಲ್ಲ. ಅದರ ಮಾರನೆಯ ದಿನ ಪುನಃ ಅದೇ ರಗಳೆ. ಒಂದು ದಿನ ಬೆಣ್ಣೆಯಲ್ಲಿ ಕೂದಲು ತೆಗೆದಂತೆ, ಇನ್ನೊಂದು ದಿನ ಕಲ್ಲಿನಲ್ಲಿ ನಾರು ತೆಗೆದಂತೆ.

ಅವನು ಕಾರಣ ಹುಡುಕಿದ. ದಾರ ಒಣಗಿದೆ ಎಂದು ಕಟ್ಟನ್ನೇ ಬಕೆಟ್ಟಿನ ನೀರಿಗೆ ಹಾಕಿದ. ಒಣಗಿದ ನೈಲಾನು ನೀರು ಕುಡಿದು ಮೆತ್ತಗಾಗುವುದು ನಿಜವೇ. ಮಾರನೆಯ ದಿನ ಮಷೀನು ಚೆನ್ನಾಗಿ ನಡೆಯಿತು.

“ನೋಡಿದ್ಯಾ? ನೀರಲ್ಲಿ ನೆನೆಸಿದ್ದು!” ಎಂದು ಮೈದುನನ ಮುಂದೆ ಮೀಸೆ ತಿರುವಿದ.

ಮುಂದಿನ ದಿನ ನೆನೆಸಿದ ದಾರವೂ ಅಂಟಿತು. ಹಾಗಾದರೆ ತಲೆಯದೇ ತಪ್ಪು. ತಲೆಯನ್ನು ತೊಳೆದು, ಸ್ಪ್ರಿಂಗು ಬದಲಿಸಿದ. ಎರಡು ದಿನ ಒಳ್ಳೆಯದಾಯಿತು, ಮೂರನೆಯ ದಿನ ಕೆಟ್ಟಿತು. ಕೊನೆಗೆ ಅಂಗಡಿಗೆ ಹೋಗಿ ದಾರದ ಕಟ್ಟನ್ನು ಮೇಜಿನ ಮೇಲೆ ಬಿಸಾಡಿದ.

“ಕಳಪೆ ಮಾಲು ಮಾರ್ತೀಯಾ?”

“ಇದೇ ಕಟ್ಟಿಂದ ಊರಿಗೆಲ್ಲ ಕೊಟ್ಟಿದೀನಿ ಅಣ್ಣ. ಯಾರೂ ವಾಪಸ್ ಬಂದಿಲ್ಲ.”

“ಅವ್ರಿಗೆ ಬಾಯಿಲ್ಲ. ನನಗಿದೆ.”

“ಅದು ರಸ್ತೆ ಆ ತುದೀಗೂ ಗೊತ್ತು,” ಎಂದ ಅಂಗಡಿಯವನು. ಪಟಾಕಿ ಹೊರಗೆ ಹೋದ ಮೇಲೆ, “ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ,” ಎಂದದ್ದು ಮೈದುನನ ಕಿವಿಗೆ ಬಿತ್ತು. ಅವನು ಅದನ್ನು ಭಾವನಿಗೆ ತಲುಪಿಸಲಿಲ್ಲ. ಬದುಕುವ ಆಸೆ ಅವನಿಗೂ ಇತ್ತು.

ಇಂಜಿನಿಯರಮ್ಮ ಕೂಗುವ ಹೆಂಗಸಲ್ಲ. ಕೊಠಡಿಯ ಕಿಟಕಿಯಿಂದ ನೋಡುತ್ತಿದ್ದರು. ಒಂದು ಮಧ್ಯಾಹ್ನ ಅವನನ್ನು ಕರೆಸಿ ನಿಲ್ಲಿಸಿ ಕೇಳಿದರು.

“ಮೇಲಿನೋರು ತಪಾಸಣೆಗೆ ಬರ್ತಾರೆ. ಸೋಸು ತೊಟ್ಟಿಗಳ ಸುತ್ತ ಹುಲ್ಲು ಮೊಣಕಾಲುದ್ದ ನಿಂತಿದೆ. ನೀನು ಹುಲ್ಲು ಕತ್ತರಿಸೋದಕ್ಕಿಂತ ಮಷೀನ್ ಬಿಚ್ಚೋದೇ ಜಾಸ್ತಿ. ಏನು ವಿಷಯ?”

“ದಾರ ಸರಿ ಇಲ್ಲ ಮೇಡಂ.”

“ಮೊನ್ನೆ ತಲೆ ಸರಿ ಇಲ್ಲ ಅಂದೆ.”

“ಎರಡೂ ಸರಿ ಇಲ್ಲ.”

“ಸೋಮವಾರ ನನ್ನ ಎದುರಿಗೆ ಒಂದನೇ ತೊಟ್ಟಿ ಸುತ್ತ ಪೂರ್ತಿ ಕತ್ತರಿಸು. ಮಷೀನ್ ತಪ್ಪಾದ್ರೆ ಅಂಗಡಿಗೆ ವಾಪಸ್ ಕಳಿಸೋಣ. ನಿನ್ನ ಕೈಲಿ ಆಗ್ತಿಲ್ಲ ಅಂದ್ರೆ ಮಷೀನು ನಿನ್ನ ಮೈದುನ ಹಿಡೀಲಿ. ಗೇಟಲ್ಲಿ ಜಾಗ ಖಾಲಿ ಇದೆ.”

ಅವರು ಅದನ್ನು ಬೆದರಿಕೆಯಾಗಿ ಹೇಳಲಿಲ್ಲ. ಇರುವ ಸಂಗತಿ ಹೇಳಿದರು. ಪಟಾಕಿಗೆ ಬೈಗುಳವಾದರೂ ವಾಸಿಯಿತ್ತು.

ಭಾನುವಾರ ಸಂಜೆ ಅವನು ಎಂದಿಗಿಂತ ಹೆಚ್ಚು ಹೊತ್ತು ಮೆಟ್ಟಿಲ ಮೇಲೆ ಕೂತು ಎರಡು ರೀಲು ಸುತ್ತಿದ. ಒಳಗೆ ಹೆಂಡತಿಯ ಹೊಲಿಗೆ ಮಷೀನಿನ ಸದ್ದು. ಅವಳು ಆಸ್ಪತ್ರೆಗೆ ದಿಂಬಿನ ಚೀಲ ಹೊಲಿದು ಕೊಡುತ್ತಿದ್ದಳು. ಕೆಲವು ದಿನ ಬಟ್ಟೆಯ ಗಂಟು ಬಾಗಿಲಲ್ಲಿ ತೂರದಷ್ಟು ಬರುತ್ತಿತ್ತು, ಕೆಲವು ದಿನ ಏನೂ ಇಲ್ಲ. ಅವಳು ಒಮ್ಮೆ ಹೊರಗೆ ಬಂದು, ಅವನ ಕೈ ನೋಡಿ, “ನಾನು ಸ್ವಲ್ಪ ಹಿಡ್ಕೊಳ್ಳಾ?” ಎಂದಳು.

“ಇದೇನು ನಿನ್ನ ದಿಂಬಿನ ಚೀಲಾನಾ? ಒಳಗೋಗು.”

ಅವಳು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ, ಕಿಟಕಿಯ ಕಟ್ಟೆಯಿಂದ ಎರಡೂ ರೀಲು ತೆಗೆದು ಚೀಲಕ್ಕೆ ಹಾಕಿ, ಬೈಕಿನಲ್ಲಿ ಹೊರಟ. ಚೀಲ ಹಿಂದೆ ಕೂತ ಮೈದುನನ ತೊಡೆಯ ಮೇಲಿತ್ತು. ಶೆಡ್ಡಿನಲ್ಲಿ ಪೆಟ್ರೋಲಿಗೆ ಅಳೆದು ಎಣ್ಣೆ ಬೆರೆಸಿ, ಡಬ್ಬಿ ಕುಲುಕಿ, ಟ್ಯಾಂಕು ತುಂಬಿಸಿದ. ಗಾಳಿಯ ಫಿಲ್ಟರು ಒದರಿದ. ದಿನವೂ ರೀಲನ್ನು ನೋಡದೆಯೇ ತಲೆಗೆ ಕೂರಿಸಿ ಮುಚ್ಚುವವನು, ಇವತ್ತು ಪರೀಕ್ಷೆಯೆಂದು ತಿರುಗಿಸಿ ನೋಡಿದ.

ಅದು ಅವನ ಸುತ್ತಲ್ಲ.

ಸುತ್ತಿನ ಪಕ್ಕಕ್ಕೆ ಸುತ್ತು, ಗೆರೆ ಎಳೆದ ಹಾಗೆ ಕೂತಿತ್ತು. ತುದಿಗಳನ್ನು ಸಿಕ್ಕಿಸುವ ಸೀಳಿನಲ್ಲಿ ಅವನು ಎಡದ್ದನ್ನು ಮೊದಲು ಸಿಕ್ಕಿಸುತ್ತಿದ್ದ. ಇಲ್ಲಿ ಬಲದ್ದು ಮೊದಲು. ಯಾರೋ ಬಿಚ್ಚಿ ಮತ್ತೆ ಸುತ್ತಿದ್ದರು. ಪಟಾಕಿಯ ತಲೆಯಲ್ಲಿ ಲೆಕ್ಕ ಹೊಂದಿತು. ಒಂದು ದಿನ ಸರಿ, ಒಂದು ದಿನ ಕೆಡುಕು. ಚೀಲ ಯಾರ ತೊಡೆಯ ಮೇಲಿರುತ್ತದೆ? ಮಷೀನು ಕೈತಪ್ಪಿದರೆ ಯಾರಿಗೆ ಹೋಗುತ್ತದೆ?

“ನನ್ನ ರೀಲಿಗೆ ಕೈ ಹಾಕಿದ್ಯೇನೋ?”

ಮೈದುನ ಪೊರಕೆ ಹಿಡಿದು ನಿಂತಿದ್ದ. “ಯಾವ ರೀಲು?”

“ಇಷ್ಟು ದಿನ ನೀನೇ ಕೆಡಿಸ್ತಿದ್ದದ್ದು! ಅಕ್ಕನ ಮನೆ ಅನ್ನ ತಿಂದು ಭಾವನ ಹೊಟ್ಟೆಗೆ ಹೊಡೀತೀಯಾ?”

“ಭಾವ, ಬೆಳಿಗ್ಗೇನೇ ಏನು ತಿಂದ್ಕೊಂಡು ಬಂದಿದೀರಿ? ನಾನು ಮುಟ್ಟಿಲ್ಲ. ಕೊಡಿ ಇಲ್ಲಿ, ನೋಡ್ತೀನಿ.” ರೀಲನ್ನು ತೆಗೆದುಕೊಂಡು ತಿರುಗಿಸಿದ. “ಚೆನ್ನಾಗೇ ಇದೆಯಲ್ಲ. ಯಾರು ಸುತ್ತಿದ್ರೇನು? ಹಂಗೇ ಹಾಕಿ.”

“ಓಹೋ, ಚೆನ್ನಾಗಿರುತ್ತೆ ನಿನಗೆ!”

ಪಟಾಕಿ ರೀಲು ಕಿತ್ತುಕೊಂಡು, ದಾರದ ತುದಿ ಹಿಡಿದು ಒಂದೇ ಸೆಳೆತಕ್ಕೆ ಎಳೆದ. ಕೆಂಪು ದಾರ ಶೆಡ್ಡಿನ ನೆಲದ ತುಂಬ ಹಾವಿನಂತೆ ಚೆಲ್ಲಿತು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆ ಅವನಿಗೂ ಬರುತ್ತಿತ್ತು. ಸಿಟ್ಟಿಳಿದ ಮೇಲೆ ಬರುತ್ತಿತ್ತು. ಅಲ್ಲಿಯೇ ಕಲ್ಲಿನ ಮೇಲೆ ಕೂತು ಆ ರೀಲನ್ನು ತನ್ನ ಕೈಯಾರ ಸುತ್ತಿದ. ಚಳಿ ಇತ್ತು. ಬೆರಳು ಬೆಳ್ಳಗಿದ್ದವು. ಎಷ್ಟು ಎಳೆಯುತ್ತಿದ್ದೇನೆ ಎಂಬುದು ತೋಳಿಗೆ ಗೊತ್ತಾಗುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಗಟ್ಟಿಯಾಗಿದೆ ಎಂದುಕೊಂಡ.

ಇಂಜಿನಿಯರಮ್ಮ ಬಂದು ಒಂದನೇ ತೊಟ್ಟಿಯ ಕಟ್ಟೆಯ ಮೇಲೆ ನಿಂತರು. ಪಟಾಕಿ ಶುರುಮಾಡಿದ. ಅವನು ಹುಲ್ಲು ಕತ್ತರಿಸುವುದನ್ನು ಎರಡು ಗಳಿಗೆ ನಿಂತು ನೋಡಬೇಕು, ಅಷ್ಟು ಚೆನ್ನ. ಸೊಂಟ ತಿರುಗುತ್ತಿತ್ತು, ಕೈ ತಿರುಗುತ್ತಿರಲಿಲ್ಲ. ಕೊಳವೆಗಳ ಬುಡದಲ್ಲಿ ದಾರದ ತುದಿಯಷ್ಟೇ ತಾಗುವಂತೆ, ಬಣ್ಣ ಏಳದಂತೆ, ಸುತ್ತುಬಳಸಿ ಬರುತ್ತಿದ್ದ. ಹುಲ್ಲು ಮಲಗುತ್ತ ಹೋಯಿತು. ತೊಟ್ಟಿಯ ಮೊದಲ ಮೂಲೆಯಲ್ಲಿ ದಾರ ಸವೆಯಿತು. ನೆಲಕ್ಕೆ ಕುಟ್ಟಿದ. ಬಂತು. ಮುಂದೆ ಹೋದ.

ಎರಡನೆಯ ಮೂಲೆಯಲ್ಲಿ ಕುಟ್ಟಿದ. ಬರಲಿಲ್ಲ. ಜೋರಾಗಿ ಕುಟ್ಟಿದ. ದಾರವಿಲ್ಲದ ತಲೆ ಹುಲ್ಲಿನ ಮೇಲೆ ಸುಮ್ಮನೆ ಗುಂಯ್‌ಗುಟ್ಟಿತು. ಎಂಜಿನ್ ಆರಿಸಿ, ಬೆನ್ನು ಇಂಜಿನಿಯರಮ್ಮನ ಕಡೆ ಮಾಡಿ, ತಲೆ ಬಿಚ್ಚಿದ. ಕೆಂಪು ಸುತ್ತುಗಳು ಒಂದರೊಳಗೊಂದು ನುಗ್ಗಿ ಮೇಣದ ಮುದ್ದೆಯಾಗಿದ್ದವು. ಬಿಡಿಸಿದ, ಸುತ್ತಿದ, ಹಾಕಿದ. ಸ್ವಲ್ಪ ದೂರ ಹೋಗಿ ಅದೇ ಕಥೆ. ಮೂರನೆಯ ಸಲ ತಲೆ ಬಿಚ್ಚುವಾಗ ಮುಚ್ಚಳದ ಕೊಕ್ಕೆ ಬೆರಳಿಗೆ ಚುಚ್ಚಿ ರಕ್ತ ಬಂತು. ಅವನು ನೋಡಲಿಲ್ಲ. ಇಂಜಿನಿಯರಮ್ಮ ನೋಡಿದರು.

“ಕೈ ಕುಯ್ದಿದೆ,” ಎಂದರು.

“ಎಲ್ಲಿ?”

ಅವರು ಆ ಬೆರಳುಗಳನ್ನೇ ನೋಡಿ, ಮೈದುನನ ಕಡೆ ತಿರುಗಿದರು. “ಇನ್ನೊಂದು ರೀಲು ಇದೆಯಾ?”

ಮೈದುನ ಭಾವನ ಮುಖ ನೋಡಿದ. ಪಟಾಕಿ ಹೆಗಲಿನ ಪಟ್ಟಿ ಬಿಚ್ಚಿದ. ಚೀಲದಲ್ಲಿದ್ದ ಎರಡನೆಯ ರೀಲನ್ನು ಮೈದುನ ಮಷೀನಿಗೆ ಹಾಕಿದ. ಅವನು ಕತ್ತರಿಸಿದ್ದು ನೋಡುವಂತಿರಲಿಲ್ಲ. ಒಂದು ಕಡೆ ಬೋಳು, ಒಂದು ಕಡೆ ಜುಟ್ಟು. ಒಂದು ಕೊಳವೆಯ ಬಣ್ಣವೂ ಎದ್ದಿತು. ಆದರೆ ಕುಟ್ಟಿದಾಗಲೆಲ್ಲ ದಾರ ಬಂತು. ತೊಟ್ಟಿಯ ಸುತ್ತು ಮುಗಿಯುವವರೆಗೆ ಒಂದು ಸಲವೂ ತಲೆ ಬಿಚ್ಚಲಿಲ್ಲ.

“ನಾಳೆಯಿಂದ ಗೇಟು,” ಎಂದರು ಇಂಜಿನಿಯರಮ್ಮ. “ಇವತ್ತು ಮನೆಗೋಗು. ಮೊದಲು ಆ ಕೈಯನ್ನ ಡಾಕ್ಟರಿಗೆ ತೋರಿಸು.”

ಪಟಾಕಿ ಸಿಡಿಯಲಿಲ್ಲ. ಮೈದುನ ಎರಡು ಹೆಜ್ಜೆ ದೂರ ನಿಂತು ಕಾದ. ಆದರೂ ಸಿಡಿಯಲಿಲ್ಲ.

ಮನೆಯಲ್ಲಿ ಹೆಂಡತಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಬಿಳಿ ಬಟ್ಟೆಯ ರಾಶಿ. ಅವಳು ಚಿಕ್ಕ ಬಾಬಿನಿಗೆ ನೂಲು ತುಂಬಿಸುತ್ತಿದ್ದಳು. ನೂಲು ಅವಳ ಎರಡು ಬೆರಳ ನಡುವೆ ಹಾದು ಬಾಬಿನಿನ ಮೇಲೆ ಸಾಲುಸಾಲಾಗಿ ಕೂರುತ್ತಿತ್ತು, ಗೆರೆ ಎಳೆದ ಹಾಗೆ. ಪಟಾಕಿ ಬಾಗಿಲಲ್ಲಿ ನಿಂತು ಅದನ್ನೇ ನೋಡಿದ. ಇಷ್ಟು ವರ್ಷ ಕಣ್ಣೆದುರಿಗೇ ನಡೆಯುತ್ತಿದ್ದದ್ದು.

“ರೀಲು ಸುತ್ತಿದ್ದು ನೀನಾ?”

“ಮತ್ಯಾರು, ದೆವ್ವಾನಾ?”

“ಯಾವಾಗಿಂದ?”

“ನಿಮ್ಮ ಶರ್ಟು ಗುಂಡಿ ಬಿಚ್ಚದೇನೇ ಒಗೆಯೋಕೆ ಬೀಳ್ತಿದೆಯಲ್ಲ, ಆವಾಗಿಂದ.” ಅವಳು ಬಾಬಿನಿನಿಂದ ಕಣ್ಣು ತೆಗೆಯಲಿಲ್ಲ. “ತಲೆ ಮೇಲಿಂದ ಹಾಕ್ಕೊಳ್ತೀರಿ, ತಲೆ ಮೇಲಿಂದ ತೆಗೀತೀರಿ. ನಾನು ಬಟ್ಟೆ ಹೊಲಿಯೋಳು, ನನಗೆ ಗೊತ್ತಾಗಲ್ವಾ? ನೀವು ಸ್ನಾನಕ್ಕೆ ಹೋದಾಗ ಬಿಚ್ಚಿ ಸುತ್ತಿಡ್ತಿದ್ದೆ. ಆಸ್ಪತ್ರೆ ಬಟ್ಟೆ ಜಾಸ್ತಿ ಬಂದ ದಿನ ಪುರುಸೊತ್ತು ಆಗ್ತಿರಲಿಲ್ಲ.”

ಅವನು ಬಕೆಟ್ಟಿನ ನೀರು, ಬದಲಿಸಿದ ಸ್ಪ್ರಿಂಗು, ಅಂಗಡಿಯವನ ಮೇಜು ಎಲ್ಲವನ್ನೂ ಒಂದು ಸಲ ನೆನೆದ.

“ಹೇಳಬಹುದಿತ್ತಲ್ಲ.”

“ನಿನ್ನೆ ಸಂಜೆ ಹೇಳೋಕೇ ಬಂದಿದ್ದೆ. ಏನಂದ್ರಿ?”

ಅವನು ಏನಂದಿದ್ದನೆಂದು ಇಬ್ಬರಿಗೂ ನೆನಪಿತ್ತು.

“ಇವತ್ತಿಂದೂ ಸುತ್ತಿದ್ದೆ,” ಎಂದಳು. “ಎರಡನ್ನೂ. ಸರಿ ಹೋಯ್ತಾ?”

“ಒಂದನ್ನ ಕಿತ್ತು ಹಾಕ್ದೆ,” ಎಂದ. “ನಿನ್ನ ತಮ್ಮ ಸುತ್ತಿದ್ದು ಅಂದ್ಕೊಂಡು.”

ಅವಳ ಕೈ ನಿಂತಿತು. ಅವನ ಮುಖ ನೋಡಿದಳು. ನಗು ಬಂತೋ ಅಳು ಬಂತೋ, ಎರಡನ್ನೂ ನುಂಗಿಕೊಂಡು, “ನನ್ನ ತಮ್ಮನಿಗೆ ಬೂಟಿನ ದಾರ ಕಟ್ಟೋಕೂ ನೆಟ್ಟಗೆ ಬರಲ್ಲ,” ಎಂದಳು.

ಡಾಕ್ಟರು ನೋಡಿ, ಹೋದ ಸ್ಪರ್ಶ ಪೂರ್ತಿ ತಿರುಗಿ ಬರುವುದು ಅನುಮಾನ, ಇನ್ನು ಅದುರುವುದನ್ನು ಹಿಡಿದರೆ ಉಳಿದದ್ದೂ ಹೋಗುತ್ತದೆ ಎಂದರು. ಪಟಾಕಿ ಗೇಟಿನ ಕುರ್ಚಿಯ ಮೇಲೆ ಕೂತ. ಅದರ ಮುರಿದ ಕೈಗೆ ಮೊದಲ ದಿನವೇ ಒಂದು ಕೋಲು ಕಟ್ಟಿದ. ಲಾರಿ ಬಂದರೆ ತೆಗೆದ, ಹೋದರೆ ಹಾಕಿದ. ಒಳಗಿನಿಂದ ಇಡೀ ದಿನ ಮಷೀನಿನ ಸದ್ದು. ಬೆರಳು ಕಿವುಡಾಗಿದ್ದವೇ ಹೊರತು ಕಿವಿ ಕಿವುಡಾಗಿರಲಿಲ್ಲ. ಎಂಜಿನ್ ಉಸಿರು ಕಟ್ಟಿ ಗೊಗ್ಗರು ದನಿಯಲ್ಲಿ ಕೂಗುವುದು ಕೇಳಿದೊಡನೆ ಗೇಟು ಬಿಟ್ಟು ಓಡಿದ.

“ಫಿಲ್ಟರ್ ತೊಳ್ಯೋ, ಕತ್ತೆ! ಅದಕ್ಕೆ ಉಸಿರು ಕಟ್ತಿದೆ, ಕೇಳಿಸ್ತಿಲ್ವಾ?”

“ಭಾವ, ಗೇಟಲ್ಲಿ ಲಾರಿ ನಿಂತಿದೆ.”

“ನಿಂತಿರ್ಲಿ! ಲಾರಿಗೇನು ಜೀವ ಹೋಗುತ್ತಾ?”

ಇಂಜಿನಿಯರಮ್ಮ ಕಿಟಕಿಯಿಂದ ನೋಡಿ, ತಮ್ಮ ಮೇಜಿಗೆ ಹಿಂದಿರುಗಿದರು. ಗೇಟಿನ ಕೆಲಸ ಗೇಟಿನದೇ ಆಗಿ ಉಳಿಯಿತು. ಮಷೀನು ಮೈದುನನದೇ ಆಗಿ ಉಳಿಯಿತು.

ಸಂಜೆ ಮೆಟ್ಟಿಲ ಮೇಲೆ ಈಗ ಇಬ್ಬರು ಕೂರುತ್ತಾರೆ. ಪಟಾಕಿ ಎರಡೂ ಕೈ ಮುಂದೆ ಚಾಚುತ್ತಾನೆ. ದಾರದ ಸಿಂಬಿ ಅವನ ಎರಡು ಮಣಿಕಟ್ಟುಗಳ ಸುತ್ತ. ಅದಕ್ಕೆ ಬೆರಳು ಬೇಕಾಗಿಲ್ಲ. ಹೆಂಡತಿ ಎದುರಿಗೆ ಕೂತು ಎಳೆದು ಎಳೆದು ರೀಲಿಗೆ ಸುತ್ತುತ್ತಾಳೆ. ಮೊದಲ ದಿನ ಅವಳು ನಡುವೆ ನಿಲ್ಲಿಸಿ, “ಇಷ್ಟು ಬಿಗಿ ಸಾಕಾ?” ಎಂದು ಕೇಳಿದಳು.

ಅವನು ಮುಟ್ಟಿ ನೋಡಹೋದ. ಮುಟ್ಟಿದ್ದರಿಂದ ಏನೂ ತಿಳಿಯಲಿಲ್ಲ. ಬಗ್ಗಿ, ಇಬ್ಬರ ನಡುವೆ ಎಳೆದು ನಿಂತ ದಾರವನ್ನು ಉಗುರಿನಿಂದ ಮೀಟಿ, ಕಿವಿಗೊಟ್ಟ. ದಪ್ಪ ದನಿ ಬಂತು.

“ಇನ್ನೂ ಸ್ವಲ್ಪ ಎಳಿ.”

ಎಳೆದಳು. ಮತ್ತೆ ಮೀಟಿದ. ಈಗ ದನಿ ಸಣ್ಣಗೆ, ಚುರುಕಾಗಿ ಬಂತು.

“ಹ್ಞಾ, ಇದು. ನೀನು ಇಷ್ಟು ದಿನ ಸುತ್ತಿದ್ದೂ ಒಂಚೂರು ಸಡಿಲಾನೇ.”

“ಬಾಯಿ ಮುಚ್ಕೊಂಡು ಕೈ ನೆಟ್ಟಗೆ ಹಿಡೀರಿ,” ಎಂದಳು.

ಅವನು ನೆಟ್ಟಗೆ ಹಿಡಿದ.